ಸೀಟುಮೇಸ್ತ್ರಿ ಕೌದಿಗೆ ಅಂಚು ಹಾಕಿದ್ದು

ಬಸ್ಸಿನ ಮೈ ಕಟ್ಟುವ ಕಾರ್ಖಾನೆಯೊಂದರಲ್ಲಿ ಮೂವತ್ತಾರು ವರ್ಷ ಸೀಟು ಹೊಲಿದು ನಿವೃತ್ತನಾದವನು ಅವನು. ಗುರುತಿನ ಚೀಟಿಯಲ್ಲಿ ಹೆಸರೇನೋ ಒಂದಿತ್ತು. ಆದರೆ ಕಾರ್ಖಾನೆಯ ಗೇಟಿನಿಂದ ಹಿಡಿದು ಮನೆ ಮೂಲೆಯ ಔಷಧಿ ಅಂಗಡಿಯವರೆಗೆ ಎಲ್ಲರ ಬಾಯಲ್ಲೂ ಅವನು ಸೀಟುಮೇಸ್ತ್ರಿ. ಕೆಲಸ ಬಿಟ್ಟು ಎರಡು ವರ್ಷವಾದರೂ ಬಸ್ಸು ಹತ್ತಿದರೆ ಕಿಟಕಿಯ ಆಚೆ ನೋಡುತ್ತಿರಲಿಲ್ಲ. ಮುಂದಿನ ಸೀಟಿನ ಬೆನ್ನಿನ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸುತ್ತ ಕೂರುತ್ತಿದ್ದ. ಹೊಲಿಗೆ ಸೊಟ್ಟಗಿದ್ದರೆ ಇಳಿಯುವ ತನಕ ಅವನ ಮುಖವೂ ಸೊಟ್ಟಗೇ.

ರೆಕ್ಸಿನ್ನು, ಟಾರ್ಪಾಲು, ದಪ್ಪ ಕ್ಯಾನ್ವಾಸು ಬಿಟ್ಟರೆ ಬೇರೆ ಯಾವುದನ್ನೂ ಅವನು ಬಟ್ಟೆ ಅಂತ ಲೆಕ್ಕಕ್ಕೆ ಹಿಡಿದವನಲ್ಲ. ಮನೆಯಲ್ಲಿ ಹೆಂಡತಿ ತನ್ನ ಹಳೇ ಕಾಲ್ತುಳಿ ಮೆಷೀನಿನಲ್ಲಿ ತುಂಡುಬಟ್ಟೆ ಜೋಡಿಸಿ ಕೌದಿ ಹೊಲಿಯುವಾಗ ಪಕ್ಕದಲ್ಲಿ ಪೇಪರು ಹಿಡಿದು ಕೂತು, ಇದೇನು ಹೊಲಿಗೆಯೋ ಹೊತ್ತು ಕಳೆಯೋ ದಾರಿಯೋ ಅಂತ ಚುಚ್ಚುತ್ತಿದ್ದ. ಆಕೆ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ದಿನಕ್ಕೆ ಇನ್ನೂರು ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಮಡಿಚಿಟ್ಟವಳು. ನಾಲ್ಕು ಮೂಲೆ ಕೂಡದ ಬಟ್ಟೆಯನ್ನು ಕಣ್ಣಳತೆಯಲ್ಲೇ ಹೇಳಬಲ್ಲವಳು. ಅವನ ಚುಚ್ಚುಮಾತಿಗೆ ಜವಾಬು ಕೊಡುವ ಗೋಜಿಗೇ ಹೋಗುತ್ತಿರಲಿಲ್ಲ.

ಇಬ್ಬರದೂ ತಡವಾಗಿ ಆದ ಮದುವೆ. ಅವನಿಗದು ಮೊದಲನೆಯದು, ಆಕೆಗೆ ಎರಡನೆಯದು. ಮೊದಲ ಗಂಡ ರೈಲು ದಾರಿಯ ಸಿಗ್ನಲ್ ನೋಡಿಕೊಳ್ಳುವ ಕೆಲಸದಲ್ಲಿದ್ದ. ಮಗಳಿಗೆ ಏಳು ವರ್ಷವಾಗಿದ್ದಾಗ ಜ್ವರ ಬಂದು, ಹತ್ತು ದಿನ ಮಲಗಿ, ಹೋಗಿಬಿಟ್ಟ. ನಾಲ್ಕು ವರ್ಷದ ಮೇಲೆ ಮೇಸ್ತ್ರಿ ಆ ಮನೆಗೆ ಗಂಡನಾಗಿ ಬಂದ. ಹನ್ನೊಂದು ವರ್ಷದ ಹುಡುಗಿ ಅವನನ್ನು ಏನಂತ ಕರೆಯಬೇಕು ಅಂತ ಯಾರೂ ಹೇಳಿಕೊಡಲಿಲ್ಲ. ಬೀದಿಯವರೆಲ್ಲ ಮೇಸ್ತ್ರಿ ಅನ್ನುತ್ತಿದ್ದರು, ಅವಳೂ ಮೇಸ್ತ್ರಿ ಅಂದಳು. ಅದೇ ನಿಂತುಹೋಯಿತು. ಜಗಳವಿಲ್ಲ, ಮುನಿಸಿಲ್ಲ, ಸಲಿಗೆಯೂ ಇಲ್ಲ. ಶಾಲೆಯ ಚೀಲ ಹರಿದರೆ ಅವನ ಮುಂದಿಡುತ್ತಿದ್ದಳು. ಅವನು ಎರಡೆರಡು ಸಾಲು ಹೊಲಿಗೆ ಹಾಕಿ ಅದೇ ಜಾಗದಲ್ಲಿಡುತ್ತಿದ್ದ. ಬೆಳೆದು, ಓದಿ, ಭೂಮಿ ಅಳೆಯುವ ಇಲಾಖೆ ಸೇರಿ ಬೇರೆ ಊರಿಗೆ ಹೋದ ಮೇಲೆ ಅವಳ ಫೋನು ಬಂದಾಗ ಅವನು ಆಡುತ್ತಿದ್ದದ್ದು ಒಂದೇ ಮಾತು: "ಇರು, ಅಮ್ಮನಿಗೆ ಕೊಡ್ತೀನಿ." ಇಪ್ಪತ್ತು ವರ್ಷದಲ್ಲಿ ಆ ಮಾತಿಗೆ ಬಾಲವೂ ಬೆಳೆಯಲಿಲ್ಲ, ಕೊಂಬೂ ಮೂಡಲಿಲ್ಲ.

ಆ ಮಗಳಿಗೆ ಮೂವತ್ತೆಂಟನೇ ವಯಸ್ಸಿನಲ್ಲಿ ವರ್ಗವಾಯಿತು. ಬೆಟ್ಟದ ಸಾಲಿನಲ್ಲಿ ಎಲ್ಲೋ ಗಡಿ ಗುರುತಿಸುವ ಕೆಲಸ, ಎರಡು ವರ್ಷ ಡೇರೆಯ ವಾಸ, ಹಲ್ಲು ಕಟಕಟ ಅನ್ನುವ ಚಳಿ ಅಂತೆ. ಫೋನಿನಲ್ಲಿ ಇದನ್ನು ಕೇಳಿದ ದಿನವೇ ತಾಯಿ ಮಂಚದಡಿಯ ಟ್ರಂಕು ಎಳೆದಳು. ಮೂವತ್ತೊಂದು ವರ್ಷದಿಂದ ಮುಟ್ಟದ ಬಟ್ಟೆಗಳು ಅದರಲ್ಲಿದ್ದವು. ಎರಡು ತಿಂಗಳು ಕತ್ತರಿಸಿದಳು, ಜೋಡಿಸಿದಳು. ಅಂಗೈಯಗಲದ ಚೌಕಗಳು, ನಡುನಡುವೆ ತ್ರಿಕೋನಗಳು: ನೀಲಿ ಗೀಟು, ಬೂದು ಚೌಕಳಿ, ಹಳದಿ ಮೇಲೆ ಬಿಳಿ ಚುಕ್ಕೆ, ಗುಲಾಬಿ ಹೂವು. ಕೌದಿಯ ಮೇಲ್ಪದರ ಮುಗಿಯುತ್ತ ಬಂತು. ಅದರ ಸುತ್ತ ಅಂಚು ಕೊಡುವುದೊಂದು ಬಾಕಿ. ಆಗ, ಎಣ್ಣೆ ಬಂದಾಗ ಕಣ್ಣು ಮುಚ್ಚಿದ ಹಾಗೆ, ಆಕೆ ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರು ಆರು ವಾರ ಅಂದರು ಆಸ್ಪತ್ರೆಯಲ್ಲಿ. ಮಗಳು ಹೊರಡುವುದಕ್ಕೆ ಇದ್ದದ್ದು ನಾಲ್ಕೇ ವಾರ.

ಎರಡು ದಿನ ಆಕೆ ಪ್ಲಾಸ್ಟರು ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮೆಷೀನಿನ ಕಡೆ ನೋಡುತ್ತ ಕೂತಳು. ಮೂರನೇ ದಿನ ಬೆಳಿಗ್ಗೆ ಗಂಡನಿಗೆ ಹೇಳಿದಳು:

"ಅಂಚು ನೀವೇ ಹಾಕಿ."

"ನಾನಾ? ನಾನು ಹೊಲಿದಿರೋದು ಸೀಟು."

"ಸೀಟಿಗೂ ನಾಲ್ಕು ಮೂಲೆ ಇರುತ್ತೆ, ಇದಕ್ಕೂ ನಾಲ್ಕು ಮೂಲೆ. ಯಾವ ಥರ ಹಾಕ್ಬೇಕು ಅಂತಾನೂ ನೀವೇ ಯೋಚ್ನೆ ಮಾಡಿ. ನನ್ನ ಕೇಳ್ಬೇಡಿ. ಅರ್ಧಂಬರ್ಧ ಹೇಳಿ ಮಾಡ್ಸೋದಕ್ಕಿಂತ ಸುಮ್ನಿರೋದು ವಾಸಿ."

ಕೇಳಬೇಡಿ ಅಂದಳೇ ಹೊರತು ತಾನು ಬಾಯಿ ಹಾಕುವುದಿಲ್ಲ ಅಂತ ಹೇಳಲಿಲ್ಲ. ಮಧ್ಯಾಹ್ನ ಅವನು ನಡುಮನೆಯ ಕುರ್ಚಿಗಳನ್ನೆಲ್ಲ ಗೋಡೆಗೆ ತಳ್ಳಿ, ನೆಲ ಒರೆಸಿ, ಮೇಲ್ಪದರವನ್ನು ಹಾಸಿದ. ಉದ್ದ ಆರಡಿ, ಅಗಲ ಐದಡಿ. ಮನೆಯಲ್ಲಿದ್ದ ಬಣ್ಣಬಣ್ಣದ ಬಟ್ಟೆಗಳನ್ನು ತಂದು ಒಂದೊಂದಾಗಿ ಅದರ ಬದಿಗೆ ಇಟ್ಟು, ಕುರ್ಚಿಯ ಮೇಲೆ ಹತ್ತಿ ನಿಂತು ನೋಡಿದ. ಕೆಂಪು ಇಟ್ಟರೆ ಕೆಂಪೊಂದೇ ಕಾಣುತ್ತಿತ್ತು, ನಡುವಿನದೆಲ್ಲ ಮಂಕು. ಬಿಳಿ ಇಟ್ಟರೆ ಆಸ್ಪತ್ರೆ. ಕಪ್ಪು ಇಟ್ಟ. ಚೆನ್ನಾಗಿದೆ ಅನ್ನಿಸಿತು, ಹಿಂದೆ ತಿರುಗಿ ಹೆಂಡತಿಯ ಮುಖ ನೋಡಿದ. ಆಕೆ ಮುಖ ಬೇರೆ ಕಡೆ ತಿರುಗಿಸಿದ್ದಳು. ಆಗ ಅವನಿಗೂ ಕಂಡಿತು: ಕಪ್ಪು ಚೌಕಟ್ಟಿನ ಒಳಗೆ ನೀಲಿ ಗೀಟಿನ ಅಂಗಿ, ಸತ್ತವರ ಫೋಟೊದ ಹಾಗೆ. ತೆಗೆದು ಮಡಿಚಿಟ್ಟ.

ಆ ನೀಲಿ ಗೀಟು ಯಾರದು ಅಂತ ಅವನಿಗೆ ಆಗಲೇ ತಿಳಿದಿತ್ತು. ಬೂದು ಚೌಕಳಿಯೂ ಅವನದೇ, ಸಿಗ್ನಲ್‌ನವನದು. ಚುಕ್ಕೆ, ಹೂವುಗಳೆಲ್ಲ ಮಗಳ ಫ್ರಾಕುಗಳು. ಅಳೆಯುವ ನೆಪದಲ್ಲಿ ಅವನು ಸಾಲುಸಾಲಾಗಿ ಎಲ್ಲ ಚೌಕಗಳನ್ನೂ ನೋಡಿದ. ತನ್ನದು ಅನ್ನುವ ಒಂದು ತುಂಡೂ ಅದರಲ್ಲಿರಲಿಲ್ಲ. ಇಪ್ಪತ್ತೇಳು ವರ್ಷ ಆ ಸಂಸಾರದಲ್ಲಿ ಅಂಗಿ ತೊಟ್ಟವನು, ಹರಿದವನು. ಟೇಪು ಸುತ್ತಿಟ್ಟ.

ಮರುದಿನ ಬಟ್ಟೆ ಅಂಗಡಿಗೆ ಹೋದ. ಎರಡು ಚೌಕಗಳ ಮಿಕ್ಕಿದ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದ. ಸುರುಳಿ ಸುರುಳಿಗೂ ಹಿಡಿದು ನೋಡಿ ಅಂಗಡಿಯವಳ ತಾಳ್ಮೆ ಪರೀಕ್ಷೆ ಮಾಡಿದ. ಕೊನೆಗೆ ಕಣ್ಣಿಗೆ ಬಿದ್ದದ್ದು ಕಡುನೇರಳೆ, ಬದನೆಕಾಯಿಯ ಬಣ್ಣ. ಪಕ್ಕಕ್ಕಿಟ್ಟರೆ ನೀಲಿಯೂ ಎದ್ದು ಕಂಡಿತು, ಹಳದಿಯೂ ಬೆಳಗಿತು. ಆದರೆ ಸುರುಳಿಯಲ್ಲಿ ಉಳಿದಿದ್ದದ್ದು ಒಂದೇ ಮೀಟರು. ಅದೇ ಬಣ್ಣ ಮತ್ತೆ ಬರುತ್ತದಾ ಅಂತ ಕೇಳಿದ್ದಕ್ಕೆ ಅಂಗಡಿಯವಳು, ಬಂದರೂ ಬಣ್ಣದ ಪಾಕ ಇದೇ ಇರುತ್ತೆ ಅಂತ ಹೇಳಲಾರೆ ಅಂದಳು. ಒಂದು ಮೀಟರನ್ನು ಉದ್ದಕ್ಕೆ ಎಂಟು ಪಟ್ಟಿ ಮಾಡಿ, ಒಂದಕ್ಕೊಂದು ಜೋಡಿಸಿದರೆ ಆದೀತು ಅಂತ ಬೆರಳು ಮಡಿಚಿ ಲೆಕ್ಕ ಹಾಕಿ ತಂದ.

ಅಂಚಿನ ಅಗಲ ಎಷ್ಟಿರಬೇಕು ಅನ್ನುವುದಕ್ಕೆ ಅಷ್ಟೊತ್ತಿಗೆ ಮನೆಯಲ್ಲಿ ಒಂದು ಸುತ್ತು ಚರ್ಚೆಯಾಗಿತ್ತು. ಅವನ ಮನಸ್ಸು ಹತ್ತಿಂಚಿನ ಕಡೆ. ಹತ್ತಿಂಚಾದರೆ ಮೂಗಿಗಿಂತ ಮೂಗುತಿ ಭಾರ ಅಂದಳು ಆಕೆ. ಐದಕ್ಕೆ ಒಪ್ಪಿದ. ಬಟ್ಟೆಯೂ ಅದಕ್ಕೇ ಸರಿಯಾಗಿ ಸಿಕ್ಕಿತ್ತು. ಇನ್ನು ಅಂಚಿಗೂ ನಡುಭಾಗಕ್ಕೂ ಮಧ್ಯೆ ಒಂದು ಗೆರೆ ಬೇಕು ಅಂತ ಅವನಿಗೆ ತೋಚಿತು. ಸೀಟಿನಲ್ಲಿ ಹಾಗೆ ಎರಡು ಬಟ್ಟೆ ಸೇರುವಲ್ಲಿ ಒಳಗೆ ಹುರಿ ಹಾಕಿ ಪೈಪಿಂಗ್ ಕೊಡುತ್ತಾರೆ.

"ಅದು ಹೊದ್ಕೊಳ್ಳೋದು ರೀ, ಕೂತ್ಕೊಳ್ಳೋದಲ್ಲ," ಅಂದಳು ಹೆಂಡತಿ. "ಮಲಗಿದವಳ ಕೆನ್ನೆಗೆ ಹುರಿ ಒತ್ತುತ್ತೆ."

"ಸರಿ, ಹುರಿ ಬೇಡ. ಬರೀ ಮಡಿಚಿದ ಪಟ್ಟಿ. ಕಾಲಿಂಚು ಕಾಣೋ ಹಾಗೆ, ಹಳದಿದು."

ಆಕೆ ಹಳದಿ ಫ್ರಾಕಿನ ಉಳಿದ ಬಟ್ಟೆ ಎಲ್ಲಿದೆ ಅಂತ ಎಡಗೈಯಲ್ಲಿ ತೋರಿಸಿದಳು. ಅಲ್ಲಿಗೆ ಮಾದರಿ ತೀರ್ಮಾನವಾಯಿತು.

ಹೊಲಿಯಲು ಕೂತಾಗ ಗೊತ್ತಾಯಿತು ಫಜೀತಿ. ಕಾರ್ಖಾನೆಯ ಮೆಷೀನು ಐದು ಪದರ ರೆಕ್ಸಿನ್ನು ತೂರಿಕೊಂಡು ಹೋಗುವಂಥದ್ದು. ಅದನ್ನು ತುಳಿದ ಕಾಲಿಗೆ ಈ ಮನೆ ಮೆಷೀನು ಕೊಟ್ಟದ್ದು ಆನೆ ಪಳಗಿಸಿದವನಿಗೆ ಆಡು ಕೊಟ್ಟ ಹಾಗಾಯಿತು. ಮೊದಲ ಅರ್ಧ ಗಂಟೆಯಲ್ಲಿ ಎರಡು ಸೂಜಿ ಮುರಿದವು. ಆಮೇಲೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ, ಹೆಬ್ಬೆರಳಿನಿಂದಷ್ಟೇ ತುಳಿಯುವುದನ್ನು ಕಲಿತ. ಕಾಲಿನ ಸಮಸ್ಯೆ ತೀರಿತು, ಕೈಯದು ಉಳಿಯಿತು. ನೇರಳೆ ಪಟ್ಟಿಯನ್ನು ಮೇಲ್ಪದರದ ಬದಿಗೆ ಹಿಡಿದು ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಹೊಲಿದ. ಕೊನೆಯಲ್ಲಿ ಹೆಚ್ಚಾಗಿ ಉಳಿದದ್ದನ್ನು ಕತ್ತರಿಯಿಂದ ಕಚಕ್ ಅನ್ನಿಸಿದ. ಸೀಟಿಗೆ ಹಾಗೇ ಮಾಡುವುದು. ಎರಡು ಬದಿ ಮುಗಿಸಿ ನೆಲಕ್ಕೆ ಹಾಸಿದರೆ ಅಂಚು ನೆಲಕ್ಕೆ ಕೂರಲೇ ಇಲ್ಲ. ಗಾಳಿಗೆ ಬಾಳೆ ಎಲೆ ಏಳುವ ಹಾಗೆ ಅಲೆ ಅಲೆಯಾಗಿ ನಿಂತಿತು. ಅಂಗೈಯಲ್ಲಿ ಇಲ್ಲಿ ಒತ್ತಿದರೆ ಅಲ್ಲಿ ಏಳುತ್ತಿತ್ತು.

ಹೆಂಡತಿ ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಮುಂದೆ ಚಾಚಿದಳು. ಹೀಗಾಗುತ್ತೆ ಅಂತ ಆಕೆಗೆ ಮೊದಲೇ ಗೊತ್ತಿತ್ತೆನ್ನುವುದು ಆ ಕೊಕ್ಕೆ ಆಗಲೇ ಕೈಯಲ್ಲಿ ಸಿದ್ಧವಾಗಿದ್ದರಿಂದ ಅವನಿಗೆ ತಿಳಿಯಿತು. ಮತ್ತೆ ಯಾಕೆ ಹೇಳಲಿಲ್ಲ ಅಂತ ಕೇಳಿದ. ಹೇಳಿದ್ದರೆ ಕೇಳುತ್ತಿದ್ದಿರಾ ಅಂದಳು. ಅವನು ಕೊಕ್ಕೆ ತೆಗೆದುಕೊಂಡ. ಸೀಟಿನ ಒಳಗೆ ಸ್ಪಂಜು ಇರುತ್ತದೆ. ಹೊಲಿಗೆಯ ಏರುಪೇರನ್ನೆಲ್ಲ ಅದು ನುಂಗಿಕೊಳ್ಳುತ್ತದೆ. ಇಲ್ಲಿ ನುಂಗುವವರು ಯಾರೂ ಇಲ್ಲ.

ಬಿಚ್ಚುವುದಕ್ಕೆ ಎರಡು ಮಧ್ಯಾಹ್ನ ಹಿಡಿಯಿತು. ಎರಡನೇ ಮಧ್ಯಾಹ್ನ, ದಾರದ ಚೂರು ಮಂಡಿಯ ಮೇಲೆಲ್ಲ ಬಿದ್ದಿರುವಾಗ, ಅವನು ತಲೆ ಎತ್ತದೆಯೇ ಕೇಳಿಬಿಟ್ಟ:

"ಇದರಲ್ಲಿ ನಂದೊಂದು ತುಂಡೂ ಇಲ್ವಲ್ಲ."

ಯಾವ ಉತ್ತರ ಕೊಡಲಿ ಅಂತ ಆಕೆ ಹುಡುಕಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸಮಾಧಾನದ ಮಾತೊಂದನ್ನು ಹೊಸೆದು ಹೇಳುತ್ತಿದ್ದರೇನೋ.

"ನಿಮ್ಮ ಅಂಗಿಗಳೆಲ್ಲ ಟೆರಿಲೀನು," ಅಂದಳು. "ಹತ್ತಿ ಜೊತೆ ಹಾಕಿ ಇಸ್ತ್ರಿ ಇಟ್ರೆ ಅಂಟಿಕೊಂಡು ಕರಗುತ್ತೆ. ನಂದೂ ಇಲ್ಲ ನೋಡಿ ಇದರಲ್ಲಿ. ಅವಳದು, ಅವಳಪ್ಪನದು, ಅಷ್ಟೇ. ಟ್ರಂಕಲ್ಲಿ ಇಟ್ರೆ ಹುಳ ತಿನ್ನುತ್ತೆ, ಅವಳು ಹೊದ್ರೆ ಬೆಚ್ಚಗಿರುತ್ತೆ ಅಂತ ಕತ್ತರಿಸಿದೆ."

ಅವನು ಹೂಂ ಅಂದ. ಟೆರಿಲೀನಿನ ಮಾತು ಸುಳ್ಳಲ್ಲ. ಸುಕ್ಕಾಗದ ಅಂಗಿ ಅಂತ ಅವನೇ ಹಟ ಹಿಡಿದು ಅವನ್ನೇ ಕೊಳ್ಳುತ್ತಿದ್ದದ್ದು. ಮುಳ್ಳು ತೆಗೆದ ಮೇಲೆ ಚರ್ಮ ಸ್ವಲ್ಪ ಹೊತ್ತು ಚುರುಚುರು ಅನ್ನುತ್ತದಲ್ಲ, ಅಷ್ಟು ಉಳಿಯಿತು. ಮತ್ತೆ ಬಿಚ್ಚತೊಡಗಿದ.

ಪಟ್ಟಿ ಬಿಚ್ಚಿದ ಮೇಲೆ ಮೇಲ್ಪದರವನ್ನೇ ಅಳೆದು ನೋಡಿದ. ಎಡಬದಿ ಎಪ್ಪತ್ಮೂರು ಇಂಚು, ಬಲಬದಿ ಎಪ್ಪತ್ತೊಂದು. ಮೇಲಿನ ಬದಿ ಅರವತ್ತು, ಕೆಳಗಿನದು ಅರವತ್ತೊಂದು. ಚೌಕವೂ ಅಲ್ಲ, ಆಯತವೂ ಅಲ್ಲ. ಹೆಗಲ ಮೇಲೆ ಭಾರದ ಚೀಲ ಹಾಕಿಕೊಂಡು ನಿಂತ ಮನುಷ್ಯನ ಹಾಗೆ ಒಂದು ಕಡೆಗೆ ವಾಲಿತ್ತು. ಹೆಂಡತಿಗೆ ಹೇಳಿದರೆ ನೊಂದುಕೊಳ್ಳುತ್ತಾಳೆ ಅಂತ ಅವನ ಲೆಕ್ಕ. ಹೇಳದೆ ಇದ್ದರೆ ಅಂಚು ಹಾಕುವುದು ಹೇಗೆ? ವಾಲಿದ ಜಾಗವನ್ನು ನೇರ ಮಾಡುವ ವಿದ್ಯೆ ಗೊತ್ತಿರುವವರು ಅವನಿಗೆ ಪರಿಚಯದಲ್ಲಿ ಒಬ್ಬರೇ ಇದ್ದರು. ಆಕೆ ಮಲಗಿದ್ದ ಹೊತ್ತು ನೋಡಿ ಅಂಗಳಕ್ಕೆ ಹೋಗಿ ಮಗಳಿಗೆ ಫೋನು ಮಾಡಿದ. ಅವಳು ಎತ್ತಿದವಳೇ, ಅಮ್ಮನಿಗೆ ಏನಾಯ್ತು ಅಂತ ಗಾಬರಿಯಾದಳು. ಏನೂ ಆಗಿಲ್ಲ, ಒಂದು ಟಾರ್ಪಾಲಿನ ವಿಷಯ ಅಂದ. ಯಾರೋ ಅಂಚುಪಟ್ಟಿ ಹೊಲಿಸಲಿಕ್ಕೆ ತಂದುಕೊಟ್ಟಿದ್ದಾರೆ, ಬದಿಗಳು ಕೂಡುತ್ತಿಲ್ಲ.

"ಮೂಲೆಯಿಂದ ಮೂಲೆಗೆ ಅಳೆದ್ರಾ?" ಅಂತ ಕೇಳಿದಳು.

ಅಳೆದಿರಲಿಲ್ಲ. ಫೋನು ಹಿಡಿದುಕೊಂಡೇ ಒಳಗೆ ಹೋಗಿ ಅಳೆದು ಬಂದ. ಒಂದು ತೊಂಬತ್ತೈದು, ಇನ್ನೊಂದು ತೊಂಬತ್ತೆರಡೂವರೆ.

"ಹಾಗಾದ್ರೆ ವಾಲಿದೆ. ಬದಿಗಳನ್ನ ನಂಬ್ಬೇಡಿ ಮೇಸ್ತ್ರಿ. ಜಮೀನಲ್ಲೂ ಬೇಲಿ ನಂಬಿ ಅಳೆಯೋಕೆ ಹೋದ್ರೆ ಕೆಡ್ತೀವಿ. ನಟ್ಟನಡುವೆ ಒಂದು ನೇರ ಗೆರೆ ಹಾಕ್ಕೊಳ್ಳಿ, ಅದೊಂದೇ ನಿಜ ಅಂತ ಇಟ್ಕೊಳ್ಳಿ. ಅಲ್ಲಿಂದ ಹೊರಗಡೆಗೆ ಬನ್ನಿ."

ಮುಂದಿನದನ್ನೂ ಬಿಡಿಸಿ ಹೇಳಿದಳು: ನಡುವಿನ ಅಳತೆ ಎಷ್ಟಿದೆಯೋ ಅಷ್ಟಕ್ಕೇ ಎರಡು ಬದಿಯ ಪಟ್ಟಿಯನ್ನೂ ಕತ್ತರಿಸಬೇಕು, ಎಳೆದರೆ ಬಟ್ಟೆ ಪಟ್ಟಿಯ ಮಾತು ಕೇಳಬೇಕು, ಪಟ್ಟಿ ಬಟ್ಟೆಯ ಮಾತು ಕೇಳಬಾರದು. ಅವನು ಕೇಳಿದ, ಅವಳು ಹೇಳಿದಳು. ತಿರುಗಿಸಿ ಕೇಳಿದ, ತಿರುಗಿಸಿ ಹೇಳಿದಳು. ಟಾರ್ಪಾಲನ್ನು ಒದ್ದೆ ಮಾಡಿ ಎಳೆದು ಹರಡಿದರೆ ಸ್ವಲ್ಪ ದಾರಿಗೆ ಬರುತ್ತದೆಯೇ ಅಂತ ಅವನ ಅನುಮಾನ. ಅದು ನಿಮಗೇ ಚೆನ್ನಾಗಿ ಗೊತ್ತು ಅಂದಳು ಅವಳು. ಇಬ್ಬರೂ ಇಪ್ಪತ್ತು ನಿಮಿಷ ಮಾತಾಡಿದರು. ಅಷ್ಟು ಉದ್ದದ ಮಾತು ಅವರಿಬ್ಬರ ಮಧ್ಯೆ ಅದಕ್ಕೆ ಮುಂಚೆ ಯಾವತ್ತೂ ಆಗಿರಲಿಲ್ಲ. ಮುಗಿಸುವುದು ಹೇಗೆಂದು ತಿಳಿಯದೆ ಅವನು, ಇರು ಅಮ್ಮನಿಗೆ ಕೊಡ್ತೀನಿ ಅಂದುಬಿಟ್ಟು, ಅಮ್ಮ ಮಲಗಿದ್ದಾಳೆ ಅನ್ನುವುದು ನೆನಪಾಗಿ ಫೋನಿಟ್ಟ.

ಸಂಜೆ ಮೇಲ್ಪದರಕ್ಕೆ ನೀರು ಚಿಮುಕಿಸಿ, ಗಿಡ್ಡವಾಗಿದ್ದ ಕರ್ಣದ ಎರಡು ಮೂಲೆ ಹಿಡಿದು ಮೆಲ್ಲಗೆ ಎಳೆದು, ನೆಲಕ್ಕೆ ಹರಡಿ, ಸುತ್ತ ಮಣೆ, ಇಸ್ತ್ರಿಪೆಟ್ಟಿಗೆ, ದಪ್ಪ ಪುಸ್ತಕಗಳನ್ನು ಹೇರಿ ಒಣಗಲು ಬಿಟ್ಟ. ಹೆಂಡತಿ ಎದ್ದು ಬಂದು ನೋಡಿದಳು. ವಾಲಿದ್ದು ತನಗೂ ಗೊತ್ತಿತ್ತು ಅಂದಳು. ಟ್ರಂಕಿನ ಬಟ್ಟೆ ಹಳೆಯದು, ಕೆಲವು ತ್ರಿಕೋನಗಳನ್ನು ನೂಲಿನ ಎಳೆಗೆ ಓರೆಯಾಗಿ ಕತ್ತರಿಸಿದ್ದರಿಂದ ಹಿಗ್ಗಿಬಿಟ್ಟವು. ಮೇಸ್ತ್ರಿ ಫೋನಿನ ಸುದ್ದಿ ಎತ್ತಲಿಲ್ಲ.

ಈ ಸಲ ಅಳೆದೂ ಸುರಿದೂ ಮಾಡಿದ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳತೆ ತೆಗೆದ. ನಡುವಿನ ಎಪ್ಪತ್ತೆರಡನ್ನೇ ಹಿಡಿದು ಪಟ್ಟಿ ಕತ್ತರಿಸಿದ. ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಗುರುತು, ಮೇಲ್ಪದರದ ಬದಿಯನ್ನೂ ನಾಲ್ಕು ಮಡಿಕೆ ಮಾಡಿ ಗುರುತು, ಗುರುತಿಗೆ ಗುರುತು ಕೂಡಿಸಿ ಗುಂಡುಸೂಜಿ. ಆಮೇಲೆ ನಡುವೆ ಎರಡೆರಡು ಬೆರಳಿಗೆ ಒಂದೊಂದು. ಹೆಚ್ಚಿದ್ದ ಎಡಬದಿಯನ್ನು ಹೊಲಿಯುವಾಗ ಬಟ್ಟೆ ತಿರುವಿ, ಹೆಚ್ಚಿನದು ಕೆಳಗೆ, ಮೆಷೀನಿನ ಹಲ್ಲಿನ ಕಡೆ ಬರುವ ಹಾಗೆ ಇಟ್ಟ. ಹಲ್ಲು ಕೆಳಗಿನ ಬಟ್ಟೆಯನ್ನು ಚೂರುಚೂರೇ ಹೆಚ್ಚು ಎಳೆದುಕೊಳ್ಳುತ್ತದೆ. ಉಳಿದ ಒಂದಿಷ್ಟು ಅದರಲ್ಲೇ ತೀರಿಹೋಯಿತು. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಕಾರ್ಖಾನೆಯ ವಿದ್ಯೆಯೇ. ಹೆಂಡತಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಅದು ಹೇಗೆ ಮಾಡಿದಿರಿ ಅಂತ ಕೇಳಿದಳು. ಅವನು ತಿರುವಿ ತೋರಿಸಿದ. ನಲವತ್ತು ವರ್ಷ ಹೊಲಿದರೂ ತನಗಿದು ಹೊಳೆದಿರಲಿಲ್ಲ ಅಂತ ಆಕೆ ಒಪ್ಪಿಕೊಂಡಳು. ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಮೂಲೆಗಳನ್ನು ಫೋಟೊ ಚೌಕಟ್ಟಿನ ಹಾಗೆ ಓರೆಯಾಗಿ ಕೂಡಿಸಬೇಕೆಂದು ಅವನ ಆಸೆ. ಮೂರು ಮೂಲೆ ಹಾಗೆಯೇ ಬಂದವು. ಓರೆ ಗೆರೆ ಹಳದಿಯ ಮೂಲೆಯಿಂದ ಹೊರಟು ನೇರವಾಗಿ ಹೊರತುದಿಗೆ ಮುಟ್ಟಿತು. ನಾಲ್ಕನೆಯದಕ್ಕೆ ಬಂದಾಗ ಪಟ್ಟಿ ನಾಲ್ಕು ಬೆರಳು ಗಿಡ್ಡ. ಮೊದಲ ಸಲ ಆತುರದಲ್ಲಿ ಕಚಕ್ ಅನ್ನಿಸಿದ ತುಂಡುಗಳು ಕಸದಬುಟ್ಟಿಗೆ ಹೋಗಿದ್ದವು. ಅಂಗಡಿಗೆ ಓಡಿದ. ನೇರಳೆ ಬಂದಿರಲಿಲ್ಲ.

ಆ ಒಂದು ಮೂಲೆಗೆ ಬೇರೆ ಬಣ್ಣದ ಚೌಕ ಕೂರಿಸಿಬಿಡಿ, ಚೆಂದವೇ ಕಾಣುತ್ತೆ ಅಂದಳು ಹೆಂಡತಿ. ಕೌದಿಗಳಲ್ಲಿ ಹಾಗೆ ಮಾಡುವುದುಂಟು. ಅವನು ಬಿಲ್‌ಕುಲ್ ಒಪ್ಪಲಿಲ್ಲ.

"ಒಂದೇ ಕಡೆ ಬೇರೆ ಇದ್ರೆ ಕೈ ಸೀದಾ ಅಲ್ಲಿಗೇ ಹೋಗುತ್ತೆ. ಸೀಟಲ್ಲಿ ನೋಡಿಲ್ವಾ, ತೇಪೆ ಇರೋ ಜಾಗಕ್ಕೇ ಉಗುರು ಹಾಕಿ ಕೀಳ್ತಾರೆ ಜನ. ಹಾಕಿದ್ರೆ ನಾಲ್ಕಕ್ಕೂ ಹಾಕ್ಬೇಕು."

"ಹಾಗಾದ್ರೆ ಚೆನ್ನಾಗಿ ಬಂದಿರೋ ಮೂರನ್ನೂ ಬಿಚ್ಚಬೇಕು."

"ಬಿಚ್ಚೋಣ."

ಬಿಚ್ಚಿದ. ಮನಸ್ಸಿಗೆ ಕಷ್ಟವಾಗಲಿಲ್ಲವೆಂದರೆ ಸುಳ್ಳು. ಮೂರನೇ ಮೂಲೆ ಬಿಚ್ಚುವ ಮುಂಚೆ ಎದ್ದು ಹೋಗಿ ಬೀದಿಯ ಕೊನೆಯವರೆಗೆ ನಡೆದು ಬಂದ. ಬಂದಾಗ ಹೆಂಡತಿ ಎಡಗೈಯಲ್ಲೇ ಅಟ್ಟದ ಕೆಳಗಿನ ಪೆಟ್ಟಿಗೆ ತೆಗೆದು ಒಂದು ಹಳೇ ಪರದೆ ಹೊರಗಿಟ್ಟಿದ್ದಳು. ಹಸಿರು ಹತ್ತಿಬಟ್ಟೆ. ಮದುವೆಯಾದ ಹೊಸತರಲ್ಲಿ ಬಾಡಿಗೆ ಮನೆ ಬದಲಾಯಿಸುತ್ತಿದ್ದಾಗ, ಒಂದೊಂದು ಮನೆಯ ಕಿಟಕಿ ಒಂದೊಂದು ಎತ್ತರ ಅಂತ, ಕೆಳಗೆ ಆರಿಂಚು ಮಡಿಕೆ ಬಿಟ್ಟು ಅವನೇ ಕಾರ್ಖಾನೆಯ ಮೆಷೀನಿನಲ್ಲಿ ಹೊಲಿದು ತಂದ ಪರದೆ. ಹದಿನಾಲ್ಕು ವರ್ಷ ಬಿಸಿಲು ತಿಂದು ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಅದನ್ನು ನೋಡಿ ಅವನು ಮುಖ ಕಿವುಚಿದ. ಮಡಿಕೆ ಬಿಚ್ಚಿ ನೋಡಿ ಅಂದಳು ಆಕೆ. ಬಿಚ್ಚಿದ. ಎರಡು ಪದರದ ನಡುವೆ ಬಿಸಿಲು ಕಾಣದೆ ಉಳಿದ ಒಂದು ಪಟ್ಟಿ, ಅಂಗಡಿಯಿಂದ ತಂದ ದಿನದ ಹಸಿರು ಹಸಿರಾಗಿಯೇ ಇತ್ತು. ನಾಲ್ಕು ಚೌಕಕ್ಕೆ ಬೇಕಾದಷ್ಟಿತ್ತು.

"ಹತ್ತಿ. ಇಸ್ತ್ರಿಗೆ ಹೆದರಲ್ಲ," ಅಂದಳು ಹೆಂಡತಿ.

ಅವನು ಚೌಕಗಳನ್ನು ಕತ್ತರಿಸಿ, ನೇರಳೆ ಪಟ್ಟಿಗಳ ತುದಿಗೆ ಜೋಡಿಸಿ, ಮೇಲೊಂದು ಕೆಳಗೊಂದು ಪಟ್ಟಿ ಹಚ್ಚಿದ. ಕೂಡುಗೆರೆಗಳು ಮೂಲೆಯಲ್ಲಿ ಮುಖಾಮುಖಿ ಬರಬೇಕು. ಹೊಲಿಗೆಯ ಒಳಬದಿಯನ್ನು ಒಂದು ಆ ಕಡೆ, ಒಂದು ಈ ಕಡೆ ಮಲಗಿಸಿ, ಉಗುರಿನಿಂದ ಸವರಿ ನೋಡಿ, ಒಂದಕ್ಕೊಂದು ಅಂಟಿಕೊಂಡಿದೆ ಅಂತ ಖಾತ್ರಿಯಾದ ಮೇಲೆ ತುಳಿದ. ಹೆಂಡತಿ ಇಸ್ತ್ರಿ ಮಾತ್ರ ತಾನೇ ಮಾಡುತ್ತೇನೆ ಅಂತ ಹಟ ಹಿಡಿದು ಎಡಗೈಯಲ್ಲೇ ಮಾಡಿದಳು. ಹಾಸಿ ನೋಡಿದರೆ ಅಂಚು ನೆಲಕ್ಕೆ ಅಂಟಿ ಕೂತಿತ್ತು. ನೇರಳೆಯ ನಾಲ್ಕು ತುದಿಗೆ ಹಸಿರು.

"ಬದನೆಕಾಯಿಗೆ ತೊಟ್ಟು ಬಂತು," ಅಂದಳು ಆಕೆ. ಇಬ್ಬರೂ ನಕ್ಕರು.

ಮಗಳು ಹೊರಡುವ ಎರಡು ದಿನ ಮುಂಚೆ ತಾಯಿಯನ್ನು ನೋಡಿಹೋಗಲು ಬಂದಳು. ನಡುಮನೆಯಲ್ಲಿ ಮೇಲ್ಪದರ ಹಾಸಿತ್ತು. ಚೀಲ ಕೆಳಗಿಡದೆ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೂತು, ನೀಲಿ ಗೀಟಿನ ಚೌಕವೊಂದರ ಮೇಲೆ ಕೈಯಿಟ್ಟಳು. ಆ ಅಂಗಿ ಅವಳಿಗೆ ನೆನಪಿತ್ತು. ಅದರ ಜೇಬಿನಲ್ಲಿ ಯಾವಾಗಲೂ ಸೀಟಿ ಇರುತ್ತಿತ್ತು ಅಂದಳು ತಾಯಿಗೆ. ತಾಯಿ, ಜೇಬಿನ ಬಟ್ಟೆಯೇ ಅದು, ಹಿಂದೆ ಹೊಲಿಗೆಯ ತೂತು ಈಗಲೂ ಕಾಣುತ್ತೆ ಅಂದಳು. ಅವರಿಬ್ಬರೂ ಹಾಗೆ ಒಂದೊಂದೇ ಚೌಕ ಮುಟ್ಟುತ್ತ ಹೋದರು. ಮೇಸ್ತ್ರಿ ಅಡುಗೆಮನೆಗೆ ಹೋಗಿ ಕುಡಿಯಲು ನೀರು ತಂದಿಟ್ಟು ಅಲ್ಲೇ ಬಾಗಿಲಿಗೆ ಒರಗಿದ.

ಚೌಕಗಳೆಲ್ಲ ಮುಗಿದ ಮೇಲೆ ಅವಳು ಅಂಚಿಗೆ ಬಂದಳು. ಹಳದಿ ಗೆರೆಯ ಮೇಲೆ ಬೆರಳೋಡಿಸಿದಳು. ಚೀಲದಿಂದ ಟೇಪು ತೆಗೆದಳು. ಅಳೆಯುವವರ ಚೀಲದಲ್ಲಿ ಅದಿಲ್ಲದೆ ಇರುತ್ತದೆಯೇ? ಮೂಲೆಯಿಂದ ಮೂಲೆಗೆ ಹಿಡಿದಳು, ಮತ್ತೆ ಇನ್ನೊಂದು ಮೂಲೆಯಿಂದ ಮೂಲೆಗೆ. ಮೇಸ್ತ್ರಿ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಿದ್ದ.

"ಅರ್ಧ ಇಂಚು ವ್ಯತ್ಯಾಸ ಇದೆ," ಅಂದಳು. "ಅರ್ಧ ಇಂಚಿಗೆ ಯಾರೂ ಕೋರ್ಟಿಗೆ ಹೋಗಲ್ಲ." ಆಮೇಲೆ ಟೇಪು ಸುತ್ತುತ್ತ, ತಲೆ ಎತ್ತಿ: "ಟಾರ್ಪಾಲು ಚೆನ್ನಾಗಿ ಬಂದಿದೆ, ಮೇಸ್ತ್ರಿ."

ತಾಯಿಗೆ ಯಾವ ಟಾರ್ಪಾಲು ಅಂತ ಅರ್ಥವಾಗಲಿಲ್ಲ. ಇಬ್ಬರ ಮುಖವನ್ನೂ ನೋಡಿದಳು. ಮಗಳು ಟೇಪನ್ನು ಚೀಲಕ್ಕೆ ಹಾಕಿದಳು, ಮೇಸ್ತ್ರಿ ನೀರಿನ ಲೋಟ ಎತ್ತಿಕೊಂಡು ಒಳಗೆ ಹೋದ.

ಮೇಲ್ಪದರವಷ್ಟೇ ಆಗಿತ್ತು, ಹತ್ತಿ ಹಾಸು, ಅಡಿಬಟ್ಟೆ ಇಟ್ಟು ಮೂರನ್ನೂ ಸೇರಿಸಿ ಹೊಲಿಯುವುದು ಬಾಕಿ ಇತ್ತು. ಮಗಳು ಬರಿಗೈಯಲ್ಲೇ ಹೊರಟಳು. ತಾಯಿಯ ಪ್ಲಾಸ್ಟರು ಬಿಚ್ಚಿದ ಮೇಲೆ ಗಂಡಹೆಂಡಿರು ಎದುರುಬದುರು ಕೂತು, ಈ ಕಡೆಯಿಂದ ಅವನು, ಆ ಕಡೆಯಿಂದ ಆಕೆ, ಕೈಹೊಲಿಗೆ ಹಾಕಿ ಎರಡು ತಿಂಗಳಲ್ಲಿ ಮುಗಿಸಿದರು. ಆಕೆಯ ಮಣಿಕಟ್ಟು ಮೊದಲಿನ ಹಾಗಾಗಲಿಲ್ಲ. ಆಕೆಯ ಹೊಲಿಗೆ ಸಣ್ಣದು, ಸೊಟ್ಟ. ಅವನದು ನೆಟ್ಟಗೆ, ದೊಡ್ಡದು. ಎಲ್ಲಿ ಯಾರದು ಅಂತ ಯಾರು ಬೇಕಾದರೂ ಹೇಳಬಹುದಿತ್ತು. ಚಳಿಗಾಲ ಹಿಡಿಯುವ ಮುಂಚೆ ಪಾರ್ಸೆಲು ಹೋಯಿತು. ಬೆಚ್ಚಗಿದೆ, ಡೇರೆಯಲ್ಲಿ ಅಡುಗೆಯಾಕೆ ದಿನಕ್ಕೊಂದು ಸಲ ಬಂದು ಮೂಲೆ ಮುಟ್ಟಿ ಹೋಗುತ್ತಾಳೆ ಅಂತ ಮಗಳು ತಾಯಿಗೆ ಬರೆದಳು. ಮೇಸ್ತ್ರಿಗೆ ಬೇರೆ ಒಂದು ಸಾಲು ಇತ್ತು: ಡೇರೆಯ ಬಾಗಿಲಿನ ಜಿಪ್ಪು ಕಚ್ಚುತ್ತಿದೆ, ಏನು ಮಾಡಬೇಕು? ಅವನು ಒಂದೂವರೆ ಪುಟ ಉತ್ತರ ಬರೆದ, ಚಿತ್ರ ಸಮೇತ.

ಔಷಧಿ ಅಂಗಡಿಯವನ ಅತ್ತೆ ಪಾರ್ಸೆಲು ಕಟ್ಟುವ ದಿನ ಆ ಕೌದಿ ನೋಡಿದ್ದಳು. ಅವಳಿಂದ ಸುದ್ದಿ ಬಾಯಿಂದ ಬಾಯಿಗೆ ಹರಡಿತು. ನಡುಭಾಗವನ್ನು ಆಸೆಯಿಂದ ಜೋಡಿಸಿ, ಅಂಚಿಗೆ ಬಂದಾಗ ಧೈರ್ಯ ಸಾಲದೆ ಮಡಿಚಿಟ್ಟ ಹೆಂಗಸರು ಆ ಬೀದಿಯಲ್ಲಿ, ಪಕ್ಕದ ಬೀದಿಯಲ್ಲಿ ಎಷ್ಟೊಂದು ಜನ ಇದ್ದಾರೆ ಅಂತ ಮೇಸ್ತ್ರಿಗೆ ಆಗಲೇ ಗೊತ್ತಾದದ್ದು. ಈಗ ವರ್ಷಕ್ಕೆ ಏಳೆಂಟು ಬರುತ್ತವೆ. ಅವನು ನಡುಮನೆಯ ಕುರ್ಚಿ ಸರಿಸಿ, ಹಾಸಿ, ಮೂರು ಕಡೆ ಅಳೆದು, ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ. ಹೆಂಡತಿ ಪಕ್ಕದಲ್ಲಿ ಕೂತು, ತಂದವರಿಂದ ಯಾವ ತುಂಡು ಯಾರದು ಅಂತ ಕೇಳಿ ತಿಳಿದುಕೊಳ್ಳುತ್ತಾಳೆ. ಇಡೀ ಕೌದಿಯನ್ನೇ ಹೊಲಿದುಕೊಡಿ ಅಂತ ಕೇಳಿದವರಿಗೆ ಅವನು ಆಗುವುದಿಲ್ಲ ಅನ್ನುತ್ತಾನೆ. ಹೋದ ವಾರ ಅದೇ ಅತ್ತೆ ತನ್ನ ಎರಡನೆಯ ಕೌದಿಯನ್ನು ತಂದಳು. ನಡುವೆ ಬುರ್ರನೆ ಉಬ್ಬಿದೆ, ಬೋರಲು ಹಾಕಿದ ಬುಟ್ಟಿಯ ಹಾಗೆ. ಸದ್ಯಕ್ಕೆ ನೀರು ಚಿಮುಕಿಸಿ, ಇಸ್ತ್ರಿಪೆಟ್ಟಿಗೆ ಹೇರಿ ಇಟ್ಟಿದ್ದಾನೆ. ಒಣಗಿದ ಮೇಲೆ ನೋಡಬೇಕು.